ಊದಿಸಿದರು, ಮೂತ್ರ ಕೇಳಿದರು: ಡ್ಯೂಟಿ ಪರೀಕ್ಷೆ ನ್ಯಾಯವಾಗಿ ನಡೆಯುವಂತೆ ನೋಡಿಕೊಳ್ಳುವುದು ಹೇಗೆ

"ಕುಡಿದೇ ಇಲ್ಲ, ಆದರೂ ಮಷಿನ್ 18 ತೋರಿಸಿತು, ಡ್ಯೂಟಿ ಕೊಡಲಿಲ್ಲ, ಈಗ ಏನು ಮಾಡಲಿ?" ಇದು ಬಸ್, ಲಾರಿ, ಶಾಲಾ ವಾಹನಗಳ ಚಾಲಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ. "ಆಫರ್ ಲೆಟರ್ ಬಂದಿದೆ, ಸೇರುವ ಮೊದಲು ಟೆನ್ ಪ್ಯಾನಲ್ ಟೆಸ್ಟ್ ಅಂತೆ, ನಾನು ಡಾಕ್ಟರ್ ಬರೆದ ನಿದ್ದೆ ಮಾತ್ರೆ ತಗೊಳ್ತೀನಿ, ಕೆಲಸ ಹೋಗುತ್ತಾ?" ಇದು ಕಂಪನಿ ಸೇರುವವರ ಪ್ರಶ್ನೆ (ಟೆನ್ ಪ್ಯಾನಲ್ ಎಂದರೆ ಮೂತ್ರದಲ್ಲಿ ಹತ್ತು ಬಗೆಯ ಮಾದಕ ವಸ್ತು ಹುಡುಕುವ ಪರೀಕ್ಷೆ). ಎರಡಕ್ಕೂ ಇಲ್ಲಿ ಉತ್ತರ ಕೊಡಲು ಪ್ರಯತ್ನಿಸಿದ್ದೇವೆ.

ಐವತ್ತು ಜನರನ್ನು ಕೂರಿಸಿಕೊಂಡು ಘಾಟಿ ಇಳಿಸುವವರನ್ನು ಡಿಪೋ ಗೇಟಿನಲ್ಲಿ ಮದ್ಯ ಪತ್ತೆ ಯಂತ್ರಕ್ಕೆ ಊದಿಸುವುದು ಅನ್ಯಾಯವಲ್ಲ, ಅದು ಬೇಕು. ಅನ್ಯಾಯ ಶುರುವಾಗುವುದು ಯಂತ್ರದ ಮೊದಲ ಅಂಕಿಯನ್ನೇ ತೀರ್ಪು ಎಂದು ಬರೆದುಕೊಂಡಾಗ. ಗೇಟಿನ ಯಂತ್ರವಾಗಲಿ, ಮೂತ್ರದ ಕಿಟ್ ಆಗಲಿ ಹುಟ್ಟಿಸುವುದು ಅನುಮಾನವನ್ನು. ಅದನ್ನು ಖಚಿತಪಡಿಸಲು ಬೇರೆಯದೇ ಪರೀಕ್ಷೆ ಇದೆ. ಈ ಎರಡರ ನಡುವೆ ಸಿಗುವ ಒಂದೆರಡು ಗಂಟೆಯಲ್ಲಿ ಏನು ಕೇಳಬೇಕು, ಏನು ಬರೆಸಿಕೊಳ್ಳಬೇಕು ಎಂಬುದೇ ಈ ಲೇಖನದ ಮುಖ್ಯ ವಿಷಯ.

1. ಪರೀಕ್ಷೆ ಮಾಡುತ್ತಿರುವವರು ಯಾರು, ಯಾವ ಅಧಿಕಾರದಲ್ಲಿ?

ರಸ್ತೆಯಲ್ಲಿ ಪೊಲೀಸರು ಊದಿಸುವುದೂ ಘಟಕದ ಗೇಟಿನಲ್ಲಿ ಸಂಸ್ಥೆಯವರು ಊದಿಸುವುದೂ ಕಾನೂನಿನ ಕಣ್ಣಿಗೆ ಬೇರೆ ಬೇರೆ.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸುವುದು ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಎರಡನೇ ಸಲ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಮಾದಕ ವಸ್ತುವಿಗೆ ಇದೇ ಕಲಮಿನಲ್ಲಿ ಅಂಕಿಯ ಮಿತಿಯೇ ಇಲ್ಲ. ವಾಹನದ ಮೇಲೆ ಹಿಡಿತ ತಪ್ಪುವಷ್ಟು ಅಮಲು ಇತ್ತೇ ಎಂಬುದು ಅಳತೆ. 203ನೇ ಕಲಮಿನಡಿ ಉಸಿರಿನ ಪರೀಕ್ಷೆ ಮಾಡುವ ಅಧಿಕಾರ ಸಮವಸ್ತ್ರದಲ್ಲಿರುವ ಪೊಲೀಸರಿಗೆ ಮತ್ತು ಅಧಿಕಾರ ಪಡೆದ ಸಾರಿಗೆ ಇಲಾಖೆಯ ಅಧಿಕಾರಿಗಳಿಗೆ ಇದೆ. 185ರಡಿ ಬಂಧಿಸಿದರೆ 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡುಗಡೆ ಮಾಡಬೇಕು ಎಂದು 202ನೇ ಕಲಮು ಹೇಳುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ.

ಗೇಟಿನಲ್ಲಿ ಸಂಸ್ಥೆಯವರು ಮಾಡುವ ಪರೀಕ್ಷೆಗೆ ಆಧಾರ ಈ ಕಾಯ್ದೆಯಲ್ಲ. ಸೇವಾ ನಿಯಮ, ಸ್ಥಾಯಿ ಆದೇಶ ಇಲ್ಲವೇ ನೀವು ಸಹಿ ಹಾಕಿದ ಕರಾರು. ಸ್ಥಾಯಿ ಆದೇಶ ಎಂದರೆ ಯಾವುದು ದುರ್ನಡತೆ, ಅದಕ್ಕೆ ಏನು ಶಿಕ್ಷೆ ಎಂದು ಮೊದಲೇ ಲಿಖಿತವಾಗಿ ಪ್ರಕಟಿಸಿದ ಸಂಸ್ಥೆಯ ನಿಯಮ. ಹೀಗಾಗಿ ಗೇಟಿನಲ್ಲಿ ಅಂಕಿ 30ರೊಳಗಿದ್ದರೂ "ಡ್ಯೂಟಿ ಹತ್ತುವವರಿಗೆ ಸೊನ್ನೆಯೇ ಇರಬೇಕು" ಎಂಬ ನಿಯಮ ಇದ್ದರೆ ಡ್ಯೂಟಿ ತಪ್ಪಬಹುದು. "ಕಾನೂನು 30ರ ತನಕ ಬಿಟ್ಟಿದೆಯಲ್ಲ" ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

2. ಪರೀಕ್ಷೆಗೆ ಮುಂಚೆಯೇ ನಿಯಮದ ಪ್ರತಿ ಕೇಳಿ

ಕೆಲಸಕ್ಕೆ ಸೇರುವಾಗಲೋ ಈಗಲೋ, ಸಂಸ್ಥೆಯ ಪರೀಕ್ಷಾ ನಿಯಮದ ಪ್ರತಿ ತೆಗೆದಿಟ್ಟುಕೊಳ್ಳಿ. ಅದರಲ್ಲಿ ಇವನ್ನು ಹುಡುಕಿ: ಯಾರನ್ನು ಪರೀಕ್ಷಿಸುತ್ತಾರೆ, ಯಾವಾಗ (ಸೇರುವಾಗ, ದಿನವೂ, ಚೀಟಿ ಎತ್ತಿದಂತೆ, ಅಪಘಾತದ ನಂತರ), ಮಿತಿ ಎಷ್ಟು, ಮರುಪರೀಕ್ಷೆ ಇದೆಯೇ, ಖಚಿತಪಡಿಸುವ ಲ್ಯಾಬ್ ಯಾವುದು, ಖರ್ಚು ಯಾರದು, ವರದಿ ಯಾರ ಕೈ ಸೇರುತ್ತದೆ.

ಅನ್ಯಾಯ ಹೆಚ್ಚಾಗಿ ಅಡಗಿರುವುದು "ಯಾರನ್ನು" ಎಂಬ ಸಾಲಿನಲ್ಲಿ. ಚಾಲಕರನ್ನು ಮಾತ್ರ ಊದಿಸಿ, ಅದೇ ಅಂಗಳದಲ್ಲಿ ಬಸ್ ಹಿಂದೆ ಮುಂದೆ ಮಾಡುವ ಮೆಕ್ಯಾನಿಕ್‌ಗಳನ್ನು ಬಿಟ್ಟರೆ ಅದು ಸುರಕ್ಷತೆಯ ಪರೀಕ್ಷೆಯಲ್ಲ. ಸಂಘದ ಚುನಾವಣೆಯ ನಂತರ ಒಬ್ಬರ ಹೆಸರೇ ತಿಂಗಳಿಗೆ ಮೂರು ಸಲ ಚೀಟಿಯಲ್ಲಿ ಬಂದರೆ ಅದು ಚೀಟಿಯೂ ಅಲ್ಲ. ಯಾವ ದಿನ ಯಾರನ್ನು ಕರೆದರು ಎಂಬುದನ್ನು ಒಂದು ಸಣ್ಣ ಡೈರಿಯಲ್ಲಿ ಬರೆದಿಡಿ. ಮುಂದೆ ಪಕ್ಷಪಾತ ಎಂದು ಹೇಳಬೇಕಾಗಿ ಬಂದರೆ ಆ ಪಟ್ಟಿಯೇ ಸಾಕ್ಷಿ.

ಕುರ್ಚಿಯಲ್ಲಿ ಕೂತು ಕೋಡ್ ಬರೆಯುವವರ ಮೂತ್ರದಲ್ಲಿ ಏನಿದೆ ಎಂದು ಕೇಳುವ ಹಕ್ಕು ಕಂಪನಿಗೆ ಎಷ್ಟಿದೆ? ಖಾಸಗಿ ನೌಕರಿಯಲ್ಲಿ ಇದನ್ನು ಕಡ್ಡಾಯ ಮಾಡುವ ಸಾಮಾನ್ಯ ಕಾಯ್ದೆ ನಮ್ಮಲ್ಲಿಲ್ಲ, ಕರಾರಿನ ಮೇಲೆ ನಡೆಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣಕ್ಕೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ ಅರ್ಜಿದಾರರು. ಸಾರಿಗೆ ನಿಗಮದಂಥ ಸರ್ಕಾರಿ ಸಂಸ್ಥೆಯ ಎದುರು ಆ ಹಕ್ಕಿನ ವಾದ ನೇರವಾಗಿ ಎತ್ತಬಹುದು. ಖಾಸಗಿ ಕಂಪನಿಯ ವಿಷಯಕ್ಕೆ ಬಂದರೆ, ಸಹಿ ಹಾಕುವ ಮೊದಲು ಓದುವುದೇ ದೊಡ್ಡ ರಕ್ಷಣೆ.

3. ಹಿಂದಿನ ರಾತ್ರಿಯ ಲೆಕ್ಕ

"ರಾತ್ರಿ ಕುಡಿದದ್ದು, ಬೆಳಿಗ್ಗೆ ಇಳಿದಿರುತ್ತದೆ" ಎಂಬ ನಂಬಿಕೆಯೇ ಹೆಚ್ಚು ಜನರನ್ನು ಗೇಟಿನಲ್ಲಿ ಸಿಕ್ಕಿಸುವುದು. ಲೆಕ್ಕ ಹಾಕಿ ನೋಡಿ.

ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ. ವಿಸ್ಕಿ, ರಮ್ಮಿನ ಬಾಟಲಿಯ ಮೇಲೆ 42.8% ಎಂದಿರುತ್ತದೆ. ಅಂದರೆ ಅದರಲ್ಲಿ ಅಪ್ಪಟ ಆಲ್ಕೋಹಾಲ್ ಸುಮಾರು 77 ಮಿ.ಲೀ., ತೂಕದಲ್ಲಿ 61 ಗ್ರಾಂ. 65 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಅದು 100 ಮಿ.ಲೀ.ಗೆ ಸುಮಾರು 130 ಮಿಲಿಗ್ರಾಂ ಮುಟ್ಟುತ್ತದೆ. ಯಕೃತ್ತು ಇದನ್ನು ಇಳಿಸುವುದು ಗಂಟೆಗೆ ಸುಮಾರು 15ರಂತೆ. ಕೆಲವರಲ್ಲಿ 10, ಕೆಲವರಲ್ಲಿ 20. ರಾತ್ರಿ 11ಕ್ಕೆ 130 ಇದ್ದರೆ ಬೆಳಿಗ್ಗೆ 5ಕ್ಕೆ 90 ಇಳಿದು ಇನ್ನೂ 40 ಉಳಿದಿರುತ್ತದೆ. ಅದು ಕಾನೂನಿನ ಮಿತಿಗಿಂತಲೂ ಹೆಚ್ಚು. ಸೊನ್ನೆಗೆ ಬರಲು ಬೆಳಿಗ್ಗೆ 8 ಆಗಬೇಕು, ನಿಧಾನವಾಗಿ ಇಳಿಯುವ ದೇಹವಾದರೆ ಮಧ್ಯಾಹ್ನವೇ ಆದೀತು. ಹೆಂಗಸರಿಗೂ ತೂಕ ಕಡಿಮೆ ಇರುವವರಿಗೂ ಇದೇ ಪ್ರಮಾಣದಲ್ಲಿ ಅಂಕಿ ಇನ್ನೂ ಮೇಲೇರುತ್ತದೆ. 650 ಮಿ.ಲೀ. ಸ್ಟ್ರಾಂಗ್ ಬಿಯರ್ (8%) ಒಂದು ಬಾಟಲಿ ಇಳಿಯಲು ಸುಮಾರು 6 ಗಂಟೆ ಬೇಕು.

ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ, ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಏಲಕ್ಕಿ, ಪಾನ್ ವಾಸನೆ ಮುಚ್ಚುತ್ತವೆ. ಯಂತ್ರಕ್ಕೆ ಬೇಕಾದ್ದು ವಾಸನೆಯಲ್ಲ, ಶ್ವಾಸಕೋಶದ ಆಳದಿಂದ ಬರುವ ಆಲ್ಕೋಹಾಲ್.

ಇನ್ನು ಔಷಧಿ. ದಶಮೂಲಾರಿಷ್ಟ, ದ್ರಾಕ್ಷಾರಿಷ್ಟದಂಥ ಅರಿಷ್ಟ-ಆಸವಗಳಲ್ಲಿ ಹುದುಗುವಾಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಸಾಮಾನ್ಯವಾಗಿ 5ರಿಂದ 10%. ಲೇಬಲ್ ಮೇಲೆ ಬರೆದಿರುತ್ತಾರೆ. 10% ಇರುವ ಅರಿಷ್ಟ 30 ಮಿ.ಲೀ. ಕುಡಿದರೆ ರಕ್ತದಲ್ಲಿ ಏರುವುದು ಹೆಚ್ಚೆಂದರೆ 5 ಮಿಲಿಗ್ರಾಂನಷ್ಟು. ಅಮಲಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಸೊನ್ನೆ ಕೇಳುವ ಗೇಟಿನಲ್ಲಿ ಅದೂ ಅಂಕಿಯೇ, ಅದರಲ್ಲೂ ಕುಡಿದ ಕೂಡಲೇ ಊದಿದರೆ ಬಾಯಲ್ಲಿ ಉಳಿದ ಹನಿಯಿಂದ ಯಂತ್ರ ದೊಡ್ಡ ಅಂಕಿಯನ್ನೇ ತೋರಿಸಬಹುದು. ಹೋಮಿಯೋಪಥಿಯ ದ್ರವ ಔಷಧಿ, ಕೆಲವು ಕೆಮ್ಮಿನ ಸಿರಪ್, ಮೌತ್‌ವಾಶ್‌ಗಳದ್ದೂ ಇದೇ ಕಥೆ. ಇಂಥ ಔಷಧಿ ನಡೆಯುತ್ತಿದ್ದರೆ ಡ್ಯೂಟಿ ಮುಗಿದ ಮೇಲೆ ತೆಗೆದುಕೊಳ್ಳಬಹುದೇ, ಮಾತ್ರೆಯ ರೂಪದಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಚೀಟಿಯ ಪ್ರತಿಯನ್ನು ಊದುವ ಮೊದಲೇ ಕಚೇರಿಗೆ ಕೊಟ್ಟಿಡಿ. ಅಂಕಿ ಬಂದ ಮೇಲೆ ಹೇಳಿದ್ದು ನೆಪದಂತೆ ಕೇಳಿಸುತ್ತದೆ.

4. ಗೇಟಿನಲ್ಲಿ ಊದುವಾಗ

ಊದುವುದಕ್ಕಿಂತ 15-20 ನಿಮಿಷ ಮುಂಚೆ ಏನೂ ತಿನ್ನಬೇಡಿ, ಕುಡಿಯಬೇಡಿ, ಗುಟ್ಕಾ ಜಗಿಯಬೇಡಿ. ಬಾಯಿ ಮುಕ್ಕಳಿಸುವುದಾದರೆ ಬರೀ ನೀರು.

ನಂತರ ಈ ನಾಲ್ಕನ್ನು ಕಣ್ಣಾರೆ ನೋಡಿ:

ಊದುವ ಕೊಳವೆ ಹೊಸದೇ? ಒಬ್ಬರ ನಂತರ ಇನ್ನೊಬ್ಬರಿಗೆ ಅದನ್ನೇ ಒರೆಸಿ ಕೊಡುತ್ತಿದ್ದರೆ ಬೇರೆ ಕೇಳಿ. ಸ್ಯಾನಿಟೈಸರ್‌ನಿಂದ ಒರೆಸಿದ್ದರಂತೂ ಖಂಡಿತ ಕೇಳಿ. ಸ್ಯಾನಿಟೈಸರ್‌ನಲ್ಲಿ 70% ಆಲ್ಕೋಹಾಲ್ ಇರುತ್ತದೆ, ಅದರ ಆವಿಯೇ ಯಂತ್ರವನ್ನು ಕೂಗಿಸುತ್ತದೆ.

ನೀವು ಊದುವ ಮೊದಲು ಯಂತ್ರ ಸೊನ್ನೆ ತೋರಿಸಿತೇ? ಹಿಂದಿನವರ ಅಂಕಿ ಅಳಿಯದೆಯೇ ಚಾಚಿದರೆ ತಡೆಯಿರಿ.

ಯಾವ ಮಾನದಲ್ಲಿ ತೋರಿಸುತ್ತಿದೆ? ಇಲ್ಲೇ ದೊಡ್ಡ ಎಡವಟ್ಟು ಆಗುವುದು. ಕೆಲವು ಯಂತ್ರ 100 ಮಿ.ಲೀ. ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂದು ತೋರಿಸುತ್ತವೆ, ಕೆಲವು ಶೇಕಡಾವಾರಿನಲ್ಲಿ, ಕೆಲವು ಒಂದು ಲೀಟರ್ ಉಸಿರಿಗೆ ಎಷ್ಟು ಮಿಲಿಗ್ರಾಂ ಎಂದು. ಉಸಿರಿನಿಂದ ರಕ್ತಕ್ಕೆ ಬದಲಿಸಲು 2100 ಪಟ್ಟು ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ರಕ್ತದ 30 ಮಿಲಿಗ್ರಾಂ, 0.03% ಮತ್ತು ಉಸಿರಿನ 0.14 ಮೂರೂ ಒಂದೇ. ರಿಜಿಸ್ಟರಿನಲ್ಲಿ ಬರೀ "0.10" ಎಂದು ಬರೆದರೆ ಅದು ಮಿತಿಯೊಳಗಿನ ಉಸಿರಿನ ಅಂಕಿಯೋ, ಮೂರು ಪಟ್ಟು ಮೀರಿದ ರಕ್ತದ ಶೇಕಡಾವಾರೋ ಯಾರಿಗೂ ತಿಳಿಯುವುದಿಲ್ಲ. ಮಾನವನ್ನೂ ಬರೆಯಿರಿ ಎಂದು ಕೇಳಿ.

ಕೊನೆಯ ಬಾರಿ ಕ್ಯಾಲಿಬ್ರೇಷನ್ ಆದದ್ದು ಯಾವಾಗ? ಗೊತ್ತಿರುವ ಪ್ರಮಾಣದ ಆಲ್ಕೋಹಾಲ್ ಆವಿ ಕೊಟ್ಟು ಯಂತ್ರದ ಅಂಕಿ ಸರಿಪಡಿಸುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ತಯಾರಕರು ಸಾಮಾನ್ಯವಾಗಿ 6 ಅಥವಾ 12 ತಿಂಗಳಿಗೊಮ್ಮೆ ಮಾಡಿಸಲು ಹೇಳುತ್ತಾರೆ, ಯಂತ್ರದ ಹಿಂಬದಿ ಸ್ಟಿಕರ್ ಇರುತ್ತದೆ. ಯಂತ್ರದ ಕ್ರಮಸಂಖ್ಯೆಯೂ ಅಲ್ಲೇ ಇರುತ್ತದೆ, ಎರಡನ್ನೂ ಬರೆದುಕೊಳ್ಳಿ.

ಊದುವಾಗ ಉಸಿರು ತುಂಬಿಕೊಂಡು, ನಿಲ್ಲಿಸದೆ, ಯಂತ್ರ ಶಬ್ದ ಮಾಡುವ ತನಕ ನಾಲ್ಕಾರು ಸೆಕೆಂಡು ಊದಿ. ಅರ್ಧಕ್ಕೆ ನಿಲ್ಲಿಸಿದರೆ "ಬೇಕೆಂದೇ ಸರಿಯಾಗಿ ಊದಲಿಲ್ಲ" ಎಂದು ಬರೆದಾರು. ಆಸ್ತಮಾ ಇದ್ದು ಅಷ್ಟು ಊದಲು ಆಗದಿದ್ದರೆ ಮೊದಲೇ ಹೇಳಿ, ರಕ್ತ ಪರೀಕ್ಷೆ ಕೇಳಿ.

5. ಅಂಕಿ ಬಂತು: ಮೊದಲ ಇಪ್ಪತ್ತು ನಿಮಿಷ

ಕೂಗಾಡಬೇಡಿ, ಮನೆಗೂ ಹೊರಡಬೇಡಿ. ಹೊರಟುಹೋದರೆ "ತಪ್ಪಿಸಿಕೊಂಡ" ಎಂಬ ಎರಡನೇ ಆಪಾದನೆ ಸೇರಿಕೊಳ್ಳುತ್ತದೆ.

ಬಾಯಿ ನೀರಿನಿಂದ ಮುಕ್ಕಳಿಸಿ, ಎಲ್ಲರ ಕಣ್ಣೆದುರೇ ಕುಳಿತುಕೊಳ್ಳಿ, 15-20 ನಿಮಿಷದ ನಂತರ ಮರುಪರೀಕ್ಷೆ ಕೇಳಿ. ಇದರ ಹಿಂದಿನ ಕಾರಣ ಸರಳ. ಬಾಯಲ್ಲಿ ಉಳಿದ ಆಲ್ಕೋಹಾಲ್ ಅಷ್ಟು ಹೊತ್ತಿಗೆ ಆರಿಹೋಗುತ್ತದೆ, ರಕ್ತದಲ್ಲಿರುವುದು 5 ಮಿಲಿಗ್ರಾಂನಷ್ಟು ಮಾತ್ರ ಇಳಿಯುತ್ತದೆ. ಮೊದಲು 60 ಬಂದು ಆಮೇಲೆ 0 ಬಂದರೆ ಅದು ಬಾಯಿಯದು. 60 ಬಂದು ಮತ್ತೆ 56 ಬಂದರೆ ಅದು ರಕ್ತದ್ದು, ಆಗ ಮೌತ್‌ವಾಶ್ ಎಂದು ವಾದಿಸಿ ಪ್ರಯೋಜನವಿಲ್ಲ.

ಕೇರಳದ ಪಂದಳಂ ಡಿಪೋದಲ್ಲಿ 2025ರ ಜುಲೈನಲ್ಲಿ ಆದದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಬೆಳಗಿನ ಡ್ಯೂಟಿಗೆ ಬಂದ ಸಾರಿಗೆ ಚಾಲಕರು ಕುಡಿಯದಿದ್ದರೂ ಯಂತ್ರ 10 ತೋರಿಸಿತು. ಅವರು ತಿಂದಿದ್ದದ್ದು ಹಲಸಿನ ತೊಳೆ. ಅಲ್ಲೇ ಒಬ್ಬರನ್ನು ಊದಿಸಿದಾಗ ಸೊನ್ನೆ ಬಂತು. ತೊಳೆ ತಿಂದ ಮೇಲೆ ಊದಿಸಿದಾಗ ಅಂಕಿ ಬಂತು. ಬಲಿತು ಹಣ್ಣಾದ ಹಲಸು ಹುಳಿಯೇರುವಾಗ ಅದರ ಸಕ್ಕರೆ ಆಲ್ಕೋಹಾಲ್ ಆಗುತ್ತದೆ. ನಮ್ಮ ಮಲೆನಾಡಿನಲ್ಲೂ ಹಲಸಿಗೆ ಹೆಸರಾದ ತೂಬಗೆರೆಯಲ್ಲೂ ಹಲಸಿನ ಕಾಲಕ್ಕೆ ಇದು ನೆನಪಿರಲಿ.

ಮರುಪರೀಕ್ಷೆಗೆ ಒಳ್ಳೆಯ ಮಾದರಿ ನಮ್ಮ ವಿಮಾನಯಾನದಲ್ಲೇ ಇದೆ. ಅಲ್ಲಿ ಸಿಬ್ಬಂದಿಗೆ ಸೊನ್ನೆಯೇ ಮಿತಿ, ಹಾರಾಟಕ್ಕೆ 12 ಗಂಟೆ ಮೊದಲಿನಿಂದ ಕುಡಿಯುವಂತಿಲ್ಲ, ಮೌತ್‌ವಾಶ್ ಕೂಡ ನಿಷಿದ್ಧ. ಅಷ್ಟು ಕಟ್ಟುನಿಟ್ಟಿದ್ದರೂ ಮೊದಲ ಅಂಕಿ ಬಂದರೆ 15-20 ನಿಮಿಷ ಬಿಟ್ಟು, ಮುಖ ತೊಳೆದು ಬಾಯಿ ಮುಕ್ಕಳಿಸಲು ಬಿಟ್ಟು, ಬೇರೊಬ್ಬರನ್ನು ಅದೇ ಯಂತ್ರದಲ್ಲಿ ಊದಿಸಿ ಅದು ಸೊನ್ನೆ ತೋರಿಸುತ್ತದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಎರಡನೇ ಪರೀಕ್ಷೆ. ಪೈಲಟ್‌ಗೆ ಸಿಗುವ ಇಪ್ಪತ್ತು ನಿಮಿಷ ಬಸ್ ಚಾಲಕನಿಗೂ ಸಿಗಬೇಕು. ನಿಮ್ಮ ಸಂಸ್ಥೆಯ ನಿಯಮದಲ್ಲಿ ಇಲ್ಲದಿದ್ದರೂ ಕೇಳಿ, ಕೇಳಿದ್ದನ್ನು ಬರಹದಲ್ಲಿಡಿ. ಒಂದು ಹಾಳೆಯಲ್ಲಿ ಇಷ್ಟು ಸಾಕು:

"ಘಟಕ ವ್ಯವಸ್ಥಾಪಕರಿಗೆ. ಈ ದಿನ ಬೆಳಿಗ್ಗೆ 5.10ಕ್ಕೆ ಗೇಟಿನಲ್ಲಿ ನಡೆಸಿದ ಉಸಿರಿನ ಪರೀಕ್ಷೆಯಲ್ಲಿ, ಕ್ರಮಸಂಖ್ಯೆ ____ ಇರುವ ಯಂತ್ರ ____ ಎಂದು ತೋರಿಸಿದೆ. ನಾನು ಮದ್ಯ ಸೇವಿಸಿರುವುದಿಲ್ಲ. 20 ನಿಮಿಷದ ನಂತರ ಮರುಪರೀಕ್ಷೆ ಮಾಡಬೇಕೆಂದೂ, ತಡಮಾಡದೆ ರಕ್ತ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕಳುಹಿಸಬೇಕೆಂದೂ ಕೋರುತ್ತೇನೆ. ನಾನು ಸೇವಿಸುತ್ತಿರುವ ಔಷಧಿ: ____. ಹಾಜರಿದ್ದವರು: ____."

ಎರಡು ಪ್ರತಿ ಬರೆದು ಒಂದರ ಮೇಲೆ ಸಹಿ, ಸಮಯ, ಮೊಹರು ಪಡೆಯಿರಿ. ಕೊಡಲು ಒಪ್ಪದಿದ್ದರೆ ಹಾಳೆಯ ಫೋಟೊ ತೆಗೆದು ಅಲ್ಲಿಂದಲೇ ಮೇಲಧಿಕಾರಿಯ ವಾಟ್ಸ್ಆ್ಯಪ್‌ಗೋ ಇಮೇಲ್‌ಗೋ ಕಳುಹಿಸಿ; ಸಮಯ ತಾನಾಗಿ ದಾಖಲಾಗುತ್ತದೆ. "ತಪ್ಪಾಯಿತು, ಇದೊಂದು ಸಲ ಬಿಡಿ" ಎಂದು ಮಾತ್ರ ಬರೆದುಕೊಡಬೇಡಿ. ಅವತ್ತಿನ ಡ್ಯೂಟಿ ಸಿಗಲೆಂದು ಬರೆದ ಆ ಒಂದು ಸಾಲೇ ಮುಂದೆ ತಪ್ಪೊಪ್ಪಿಗೆಯಾಗಿ ಕಡತದಲ್ಲಿ ಕೂರುತ್ತದೆ.

6. ರಕ್ತ ಪರೀಕ್ಷೆ: ಎರಡು ಗಂಟೆಯೊಳಗೆ

ಗಂಟೆಗೆ 15 ಇಳಿಯುವುದರಿಂದ ತಡವಾದ ರಕ್ತ ಪರೀಕ್ಷೆಗೆ ಬೆಲೆ ಇರುವುದಿಲ್ಲ. ಮಧ್ಯಾಹ್ನ ಸೊನ್ನೆ ಬಂದರೆ "ಅಷ್ಟು ಹೊತ್ತಿಗೆ ಇಳಿದಿತ್ತು" ಎನ್ನುತ್ತಾರೆ, ಅವರು ಹೇಳುವುದರಲ್ಲೂ ಅರ್ಥವಿದೆ. ಸಂಸ್ಥೆ ಕಳುಹಿಸದಿದ್ದರೆ ನೀವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ವೈದ್ಯಾಧಿಕಾರಿಯ ಬಳಿ ಮದ್ಯಪಾನ ತಪಾಸಣೆ ಕೇಳಿ. ಆಗದಿದ್ದರೆ ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಲ್ಯಾಬ್. ಎನ್‌ಎಬಿಎಲ್ ಎಂದರೆ ಲ್ಯಾಬುಗಳ ಗುಣಮಟ್ಟ ತಪಾಸಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ. ಜೊತೆಗೆ ಯಾರನ್ನಾದರೂ ಕರೆದೊಯ್ಯಿರಿ.

ಅಲ್ಲಿ ನೋಡಿಕೊಳ್ಳಬೇಕಾದ್ದು: ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಬಾರದು, ಆಲ್ಕೋಹಾಲ್ ಇಲ್ಲದ ದ್ರಾವಣವೇ ಆಗಬೇಕು. ರಕ್ತ ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿಗೆ ಹೋಗಬೇಕು. ಬೇರೆ ಟ್ಯೂಬಿನಲ್ಲಿ ಹೊರಗೆ ಬಿಸಿಯಲ್ಲಿಟ್ಟರೆ ರಕ್ತ ಕೆಟ್ಟು ಅದರಲ್ಲೇ ಆಲ್ಕೋಹಾಲ್ ಹುಟ್ಟಬಹುದು. ಟ್ಯೂಬಿನ ಮೇಲೆ ಹೆಸರು, ಸಮಯ, ಸೀಲು ನಿಮ್ಮ ಎದುರೇ ಬೀಳಲಿ.

ವರದಿಯಲ್ಲಿ ಒಂದು ಸೂಕ್ಷ್ಮ ಇದೆ. ಆಸ್ಪತ್ರೆಯ ಲ್ಯಾಬುಗಳು ಸಾಮಾನ್ಯವಾಗಿ ಸೀರಂನಲ್ಲಿ ಅಳೆಯುತ್ತವೆ. ಸೀರಂ ಎಂದರೆ ರಕ್ತಕಣ ತೆಗೆದ ಮೇಲೆ ಉಳಿಯುವ ತಿಳಿ. ಅದರ ಅಂಕಿ ಇಡೀ ರಕ್ತದ ಅಂಕಿಗಿಂತ ಸುಮಾರು 15% ಹೆಚ್ಚಿರುತ್ತದೆ. ಸೀರಂನಲ್ಲಿ 33 ಬಂದರೆ ಇಡೀ ರಕ್ತದಲ್ಲಿ ಅದು 29ರ ಆಸುಪಾಸು. ಕಾನೂನು ಹೇಳುವುದು ರಕ್ತದ ಅಂಕಿಯನ್ನು. ಪೊಲೀಸ್ ಪ್ರಕರಣವಾದರೆ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ.

7. ಮೂತ್ರದ ಮಾದರಿ ಕೊಡುವಾಗ

ಮಾದಕ ವಸ್ತುವಿನ ಪರೀಕ್ಷೆ ಬಹುತೇಕ ಮೂತ್ರದಲ್ಲಿ. ಫೈವ್ ಪ್ಯಾನಲ್, ಟೆನ್ ಪ್ಯಾನಲ್ ಎಂದರೆ ಐದು ಅಥವಾ ಹತ್ತು ಬಗೆಯ ವಸ್ತುಗಳನ್ನು ಒಂದೇ ಕಿಟ್‌ನಲ್ಲಿ ನೋಡುವುದು: ಗಾಂಜಾ, ಅಫೀಮು ಜಾತಿ, ಕೊಕೇನ್, ಆ್ಯಂಫೆಟಮಿನ್ ಇತ್ಯಾದಿ, ಹತ್ತರದ್ದಾದರೆ ನಿದ್ದೆ ಮತ್ತು ಆತಂಕದ ಮಾತ್ರೆಗಳ ಗುಂಪಾದ ಬೆಂಜೊಡಯಾಜೆಪಿನ್ ಕೂಡ.

ಅಮೆರಿಕದಲ್ಲಿ ಲಾರಿ ಚಾಲಕರಿಗೆ ನಡೆಸುವ ಕಡ್ಡಾಯ ಪರೀಕ್ಷೆಯ ಕ್ರಮ ನೋಡಿದರೆ ನ್ಯಾಯವಾದ ಸಂಗ್ರಹ ಹೇಗಿರಬೇಕು ಎಂಬುದು ಗೊತ್ತಾಗುತ್ತದೆ. ಅಲ್ಲಿ ಕನಿಷ್ಠ 45 ಮಿ.ಲೀ. ಮೂತ್ರ ಪಡೆದು, ನೌಕರನ ಎದುರೇ 30 ಮತ್ತು 15 ಮಿ.ಲೀ.ನ ಎರಡು ಬಾಟಲಿಗಳಿಗೆ ಸುರಿದು ಸೀಲು ಹಾಕುತ್ತಾರೆ. ಕೊಟ್ಟ 4 ನಿಮಿಷದೊಳಗೆ ಬಿಸಿ ನೋಡುತ್ತಾರೆ, ಅದು 32ರಿಂದ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಪಾಸಿಟಿವ್ ಎಂದು ತಿಳಿಸಿದ ಮೇಲೆ 72 ಗಂಟೆಯೊಳಗೆ ಎರಡನೇ ಬಾಟಲಿಯನ್ನು ಬೇರೆ ಲ್ಯಾಬಿಗೆ ಕಳುಹಿಸಿ ಎಂದು ನೌಕರ ಕೇಳಬಹುದು. ಕಂಪನಿಗೆ ಫಲಿತಾಂಶ ಹೋಗುವ ಮೊದಲು ಒಬ್ಬ ವೈದ್ಯರು ನೌಕರನಿಗೆ ಫೋನ್ ಮಾಡಿ "ಯಾವುದಾದರೂ ಔಷಧಿ ಇದೆಯೇ" ಎಂದು ಕೇಳುತ್ತಾರೆ.

ನಮ್ಮಲ್ಲಿ ಇಷ್ಟೂ ಸಿಗದಿರಬಹುದು. ಆದರೆ ಮೂರನ್ನು ಬಿಡಬೇಡಿ: ಮಾದರಿಯನ್ನು ಎರಡು ಬಾಟಲಿಗೆ ಹಂಚುವುದು, ಎದುರೇ ಸೀಲು, ಸೀಲಿನ ಮೇಲೆ ನಿಮ್ಮ ಸಹಿ. ಮುಚ್ಚಳ ಹಾಕದ ಕಪ್ಪುಗಳು ಟ್ರೇಯಲ್ಲಿ ಸಾಲಾಗಿ ಕೂತಿದ್ದರೆ ಯಾರ ಮೂತ್ರ ಯಾರ ಹೆಸರಿಗೆ ಹೋಯಿತು ಎಂದು ದೇವರೇ ಹೇಳಬೇಕು.

ಲೀಟರುಗಟ್ಟಲೆ ನೀರು ಕುಡಿದು ಹೋಗಬೇಡಿ. ಮೂತ್ರ ತೀರಾ ತಿಳಿಯಾದರೆ ಕ್ರಿಯಾಟಿನಿನ್ ಎಂಬ ಅಂಶ ಕುಸಿಯುತ್ತದೆ, ಲ್ಯಾಬ್ "ನೀರಾಗಿದೆ" ಎಂದು ಬರೆಯುತ್ತದೆ, ಏನೂ ಮಾಡದವರ ಮೇಲೂ ಗುಮಾನಿ ಬೀಳುತ್ತದೆ.

8. ಕಿಟ್ ಓದುವುದರಲ್ಲಿ ಆಗುವ ತಪ್ಪು

ಕೋವಿಡ್ ಮತ್ತು ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಎರಡನೇ ಗೆರೆ ಬಂದರೆ ಪಾಸಿಟಿವ್. ಮಾದಕ ವಸ್ತುವಿನ ಕಿಟ್‌ನಲ್ಲಿ ಇದು ತಿರುಗುಮುರುಗು. 'ಸಿ' ಎಂಬಲ್ಲಿ ಗೆರೆ ಬಂದು 'ಟಿ' ಎಂಬಲ್ಲಿಯೂ ಗೆರೆ ಬಂದರೆ ನೆಗೆಟಿವ್. ಟಿ ಗೆರೆ ಬರದಿದ್ದರೆ ಪಾಸಿಟಿವ್. ಸಿ ಗೆರೆಯೇ ಇಲ್ಲದಿದ್ದರೆ ಕಿಟ್ ಕೆಟ್ಟಿದೆ, ಬಿಸಾಡಿ ಹೊಸದು ತೆಗೆಯಬೇಕು.

ಟಿ ಗೆರೆ ಎಷ್ಟೇ ಮಸುಕಾಗಿದ್ದರೂ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂತಿದ್ದರೂ, ಅದು ನೆಗೆಟಿವ್. "ಗೆರೆ ಸ್ವಲ್ಪ ಬಂದಿದೆ, ಸ್ವಲ್ಪ ತಗೊಂಡಿದ್ದಾನೆ" ಎಂಬ ಓದು ಶುದ್ಧ ತಪ್ಪು. ಪೊಟ್ಟಣದ ಮೇಲೆ ಬರೆದ ಸಮಯಕ್ಕೇ ಓದಬೇಕು, ಸಾಮಾನ್ಯವಾಗಿ 5 ನಿಮಿಷ. ಹದಿನೈದು ನಿಮಿಷ ಬಿಟ್ಟು ಬಂದು ನೋಡಿದ ಗೆರೆಗೆ ಅರ್ಥವಿಲ್ಲ. ಓದುವ ಕ್ಷಣದಲ್ಲಿ ಕಿಟ್‌ನ ಫೋಟೊ ತೆಗೆಯಲು ಕೇಳಿ, ಪೊಟ್ಟಣದ ಅವಧಿ ದಿನಾಂಕವೂ ಅದರಲ್ಲಿ ಬರಲಿ.

9. ಕಿಟ್ ಪಾಸಿಟಿವ್ ಆದರೆ: ಗಸಗಸೆ, ಮಾತ್ರೆ, ಭಂಗಿ

ಕಿಟ್ ನೋಡುವುದು ಅಣುವಿನ ಆಕಾರವನ್ನು. ಹೋಲುವ ಆಕಾರದ ಬೇರೆ ಔಷಧಿಯೂ ಅದನ್ನು ಮೋಸಗೊಳಿಸಬಹುದು. ಅಸಿಡಿಟಿಯ ರಾನಿಟಿಡಿನ್, ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೊಎಫೆಡ್ರಿನ್ ಆ್ಯಂಫೆಟಮಿನ್ ಎಂದು ತೋರಬಹುದು. ಆಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು ಅಫೀಮಿನ ಜಾತಿ ಎಂದೂ, ಖಿನ್ನತೆಗೆ ಕೊಡುವ ಸರ್ಟ್ರಲಿನ್ ಬೆಂಜೊಡಯಾಜೆಪಿನ್ ಎಂದೂ ತೋರಿದ ದಾಖಲೆಗಳಿವೆ. ಕೊಡೀನ್ ಇರುವ ಕೆಮ್ಮಿನ ಸಿರಪ್ ಅಫೀಮಿನ ಜಾತಿಯದ್ದೇ, ಅಲ್ಲಿ ಕಿಟ್ ಸುಳ್ಳು ಹೇಳುತ್ತಿಲ್ಲ. ನಿದ್ದೆ, ಆತಂಕಕ್ಕೆ ಕೊಡುವ ಆಲ್‌ಪ್ರಜೋಲಂ, ಕ್ಲೊನಜೆಪಂ ತೆಗೆದುಕೊಳ್ಳುವವರಿಗೂ ಪಾಸಿಟಿವ್ ನಿಜವೇ. ಅವರನ್ನು ಕಾಯುವುದು ಪರೀಕ್ಷೆಗೆ ಮೊದಲೇ ಬರೆಸಿಕೊಂಡ ವೈದ್ಯರ ಚೀಟಿ.

ಗಸಗಸೆಯ ವಿಷಯ ನಮಗೆ ಹತ್ತಿರದ್ದು. ಗಸಗಸೆ ಅಫೀಮು ಗಿಡದ್ದೇ ಬೀಜ, ಅದರ ಮೈಗೆ ಮಾರ್ಫಿನ್ ಅಂಟಿರುತ್ತದೆ. ಹಬ್ಬದ ದಿನ ಎರಡು ಲೋಟ ಗಸಗಸೆ ಪಾಯಸ ಕುಡಿದವರ ಮೂತ್ರದಲ್ಲಿ ಒಂದೆರಡು ದಿನ ಮಾರ್ಫಿನ್ ಕಾಣಬಹುದು. ಈ ಕಾರಣಕ್ಕೇ ಅಮೆರಿಕ 1998ರಲ್ಲಿ ತನ್ನ ಮಿತಿಯನ್ನು ಮಿ.ಲೀ.ಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಿತು. ಆದರೂ 300ರ ಕಿಟ್‌ಗಳು ಈಗಲೂ ಮಾರಾಟದಲ್ಲಿವೆ; ಪೊಟ್ಟಣದ ಮೇಲೆ ಆ ಸಂಖ್ಯೆ ಇರುತ್ತದೆ, ಓದಿ. ದುಬೈ, ಅಬುಧಾಬಿಗೆ ಕೆಲಸಕ್ಕೆ ಹೊರಟ ಕರಾವಳಿಯವರಿಗೆ ಒಂದು ಮಾತು: ಅಲ್ಲಿ ಗಸಗಸೆ ಒಯ್ಯುವುದೇ ಕಾನೂನುಬಾಹಿರ. ಅಮ್ಮ ಕಟ್ಟಿಕೊಟ್ಟ ಮಸಾಲೆ ಪುಡಿಯನ್ನೂ ಒಮ್ಮೆ ವಿಚಾರಿಸಿಕೊಳ್ಳಿ.

ಹಾಗಾಗಿ ಕಿಟ್ ಪಾಸಿಟಿವ್ ಆದರೆ ಕೇಳಬೇಕಾದ್ದು ಜಿಸಿ-ಎಂಎಸ್ ಅಥವಾ ಎಲ್‌ಸಿ-ಎಂಎಸ್ ಪರೀಕ್ಷೆ. ಮಾದರಿಯ ಅಂಶಗಳನ್ನು ಬೇರ್ಪಡಿಸಿ, ಪ್ರತಿ ಅಣುವಿನ ತೂಕ ನೋಡಿ ಗುರುತಿಸುವ ದೊಡ್ಡ ಯಂತ್ರ ಅದು. ರಾನಿಟಿಡಿನ್ ಅನ್ನು ಅದು ಆ್ಯಂಫೆಟಮಿನ್ ಎಂದು ಹೇಳುವುದಿಲ್ಲ. ಹೆರಾಯಿನ್ ತೆಗೆದುಕೊಂಡವರ ಮೂತ್ರದಲ್ಲಿ ಮಾತ್ರ ಸಿಗುವ 6-ಅಸಿಟೈಲ್‌ಮಾರ್ಫಿನ್ ಎಂಬ ಗುರುತನ್ನು ಹುಡುಕಿ, ಪಾಯಸಕ್ಕೂ ಹೆರಾಯಿನ್‌ಗೂ ವ್ಯತ್ಯಾಸ ಹೇಳಬಲ್ಲದು. ಹೊಸ ಮೂತ್ರ ಕೊಡುತ್ತೇನೆ ಎನ್ನಬೇಡಿ, ಅದೇ ಸೀಲು ಮಾಡಿದ ಬಾಟಲಿಯೇ ಹೋಗಬೇಕು.

ಗಾಂಜಾದ ವಿಷಯದಲ್ಲಿ ಮೂತ್ರ ಪರೀಕ್ಷೆಯ ನ್ಯಾಯವೇ ಪ್ರಶ್ನಾರ್ಹ. ಪರೀಕ್ಷೆ ಹುಡುಕುವುದು ಅಮಲನ್ನಲ್ಲ, ದೇಹ ಗಾಂಜಾವನ್ನು ಕರಗಿಸಿದ ಮೇಲೆ ಉಳಿಯುವ ಕಸವನ್ನು. ಅದು ಕೊಬ್ಬಿನಲ್ಲಿ ಕೂತು ನಿಧಾನ ಹೊರಬರುತ್ತದೆ: ಒಮ್ಮೆ ಸೇದಿದವರಲ್ಲಿ ಸುಮಾರು ಮೂರು ದಿನ, ದಿನವೂ ಸೇದುವವರಲ್ಲಿ ತಿಂಗಳವರೆಗೆ. ಕೊಕೇನ್ ಎರಡು ನಾಲ್ಕು ದಿನಕ್ಕೆ ಹೋಗಿಬಿಡುತ್ತದೆ. ಎರಡು ವಾರದ ಹಿಂದೆ ಸೇದಿ ಇವತ್ತು ಸ್ವಸ್ಥವಾಗಿರುವವರು ಸಿಕ್ಕಿಬೀಳುತ್ತಾರೆ, ಐದು ದಿನದ ಹಿಂದೆ ಕೊಕೇನ್ ತೆಗೆದುಕೊಂಡವರು ಪಾಸಾಗುತ್ತಾರೆ. ಅಪಘಾತದ ನಂತರ ಇಂಥ ಪಾಸಿಟಿವ್ ಬಂದರೆ "ಆ ಹೊತ್ತಿನಲ್ಲಿ ಅಮಲಿನಲ್ಲಿದ್ದ" ಎಂದು ಅದರಿಂದ ಸಾಬೀತಾಗುವುದಿಲ್ಲ. ಈ ಮಾತನ್ನು ವಿಚಾರಣೆಯಲ್ಲಿ ಹೇಳಿಸಿ, ಸಾಧ್ಯವಾದರೆ ವೈದ್ಯರ ಬಾಯಿಂದ. ಲಾಲಾರಸದ ಪರೀಕ್ಷೆ ಒಂದೆರಡು ದಿನದ ಬಳಕೆಯನ್ನು ಮಾತ್ರ ಹಿಡಿಯುವುದರಿಂದ ಚಾಲಕರಿಗೆ ಅದೇ ಹೆಚ್ಚು ನ್ಯಾಯ ಎಂದು ನಮ್ಮ ಅಭಿಪ್ರಾಯ.

ಭಂಗಿಯದ್ದು ಇನ್ನೊಂದು ಗೋಜಲು. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯಲ್ಲಿ ಹೂವಿನ ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಗಾಂಜಾದಲ್ಲಿ ಸೇರುವುದಿಲ್ಲ; 2022ರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಆಧರಿಸಿ ಭಂಗಿ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಿದೆ. ಮೂತ್ರಕ್ಕೆ ಈ ಕಾನೂನು ಗೊತ್ತಿಲ್ಲ. ಹೋಳಿ, ಶಿವರಾತ್ರಿಯ ಭಂಗಿಯೂ ಗಾಂಜಾದಂತೆಯೇ ತೋರುತ್ತದೆ, ಅಮಲೂ ಅದೇ. ಸ್ಟೀರಿಂಗ್ ಹಿಡಿಯುವವರು ದೂರವಿರಿ.

10. ಮೆಮೊ ಬಂದರೆ

ಆಪಾದನಾ ಪತ್ರಕ್ಕೆ ಕೊಟ್ಟ ಗಡುವಿನೊಳಗೆ ಉತ್ತರ ಕೊಡಿ, ಸಾಲದಿದ್ದರೆ ಗಡುವು ಹೆಚ್ಚಿಸಲು ಬರೆದು ಕೇಳಿ. ಉತ್ತರದ ಜೊತೆ ಈ ದಾಖಲೆಗಳನ್ನು ಕೇಳಿ: ಯಂತ್ರದ ಕ್ಯಾಲಿಬ್ರೇಷನ್ ಪ್ರಮಾಣಪತ್ರ, ಆ ದಿನದ ಎಲ್ಲರ ಅಂಕಿಗಳಿರುವ ರಿಜಿಸ್ಟರಿನ ಪ್ರತಿ, ಮುದ್ರಿತ ಚೀಟಿ, ಗೇಟಿನ ಸಿಸಿಟಿವಿ ದೃಶ್ಯ. ಸಿಸಿಟಿವಿಯನ್ನು ಮೊದಲ ವಾರದಲ್ಲೇ ಕೇಳಿ, ಹಳೆಯದರ ಮೇಲೆ ಹೊಸದು ಬರೆದುಕೊಂಡುಬಿಡುತ್ತದೆ. ರಿಜಿಸ್ಟರಿನಲ್ಲಿ ನಿಮ್ಮ ಹಿಂದೆ ಮುಂದೆ ಊದಿದ ಐದಾರು ಜನಕ್ಕೂ ಸಣ್ಣ ಅಂಕಿ ಬಂದಿದ್ದರೆ ದೋಷ ಯಂತ್ರದ್ದು.

ವಾಸನೆ, ತೂರಾಟ, ತೊದಲುವಿಕೆ ಮಾತ್ರದಿಂದ ಕುಡಿದಿದ್ದು ಸಾಬೀತಾಗದು, ರಕ್ತ ಅಥವಾ ಮೂತ್ರ ಪರೀಕ್ಷೆ ಬೇಕು ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ಬಚ್ಚುಭಾಯಿ ಪ್ರಕರಣದಲ್ಲಿ ಹೇಳಿದೆ. ಅದನ್ನೇ ಬ್ರಹ್ಮಾಸ್ತ್ರ ಎಂದುಕೊಳ್ಳಬೇಡಿ. ಅದು ಕ್ರಿಮಿನಲ್ ಮೊಕದ್ದಮೆ, ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಇಲಾಖಾ ವಿಚಾರಣೆಯಲ್ಲಿ "ಹೀಗಾಗಿರುವ ಸಂಭವವೇ ಹೆಚ್ಚು" ಎಂದಾದರೆ ಸಾಕು. ಅದಕ್ಕೇ ನಿಮ್ಮದೇ ರಕ್ತದ ವರದಿ, ಮರುಪರೀಕ್ಷೆ ಕೇಳಿದ ಪತ್ರ ಇಷ್ಟು ಮುಖ್ಯ. ಪತ್ರ ಕೊಟ್ಟೂ ಮರುಪರೀಕ್ಷೆ ಮಾಡದಿದ್ದರೆ ಸಂಭವದ ತಕ್ಕಡಿ ನಿಮ್ಮ ಕಡೆ ವಾಲುತ್ತದೆ.

ಅಮಾನತಿನಲ್ಲಿಟ್ಟರೆ ಜೀವನಾಧಾರ ಭತ್ಯೆ ಕೇಳಿ ಪಡೆಯಿರಿ. ಸ್ಥಾಯಿ ಆದೇಶ ಅನ್ವಯಿಸುವ ಸಂಸ್ಥೆಗಳ ಕಾರ್ಮಿಕರಿಗೆ ಮೊದಲ 90 ದಿನ ವೇತನದ 50%, ನಿಮ್ಮ ಕಡೆಯಿಂದ ತಡವಾಗಿರದಿದ್ದರೆ ಆಮೇಲೆ 75%. ಸಾರಿಗೆ ನಿಗಮದವರಿಗೆ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ಇದೆ, ಅದರ ಪ್ರತಿ ಸಂಘದ ಕಚೇರಿಯಲ್ಲಿ ಸಿಗುತ್ತದೆ.

11. ಅಂಕಿ ನಿಜವೇ ಆಗಿದ್ದರೆ

ಕುಡಿದದ್ದು ನಿಜವಾದರೆ ಹಲಸಿನ ಹಣ್ಣಿನ ಕಥೆ ಕಟ್ಟಬೇಡಿ. 20 ನಿಮಿಷದ ಮರುಪರೀಕ್ಷೆ ಅದನ್ನು ಬಯಲು ಮಾಡುತ್ತದೆ, ನಾಳೆ ನಿಜವಾಗಿ ಹಲಸು ತಿಂದು ಬಂದವರ ಮಾತನ್ನೂ ಯಾರೂ ನಂಬದಂತಾಗುತ್ತದೆ. ಅವತ್ತಿನ ಡ್ಯೂಟಿ ಬಿಡಿ, ಬೈಕನ್ನೂ ಅಲ್ಲೇ ಬಿಟ್ಟು ಬೇರೆಯವರ ಜೊತೆ ಮನೆಗೆ ಹೋಗಿ. ಗೇಟಿನಿಂದ ಹೊರಬಂದ ಕೂಡಲೇ 185ನೇ ಕಲಮು ಶುರು. ಕುಡಿದು ಓಡಿಸಿದ್ದಕ್ಕೆ ಸಿಕ್ಕರೆ ಲೈಸೆನ್ಸ್ ಕನಿಷ್ಠ ಮೂರು ತಿಂಗಳು ಅಮಾನತಾಗುವುದು ಈಗ ರೂಢಿ, ಚಾಲಕನಿಗೆ ಅದು ಮೂರು ತಿಂಗಳ ಅನ್ನ.

ಬಿಡಲು ಆಗುತ್ತಿಲ್ಲ ಎನಿಸಿದರೆ ಗೇಟಿನಲ್ಲಿ ಸಿಕ್ಕಿಬೀಳುವ ಮೊದಲೇ ಚಿಕಿತ್ಸೆಗೆ ರಜೆ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ, 14446 ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ. ಮಾದಕ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ, ಬಳಕೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಮೊಕದ್ದಮೆಯಿಂದ ರಕ್ಷಣೆಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಅವಕಾಶ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮುಗಿಸಬೇಕು ಎಂಬುದು ಷರತ್ತು. ರಜೆ ಅರ್ಜಿಯಲ್ಲಿ "ವೈದ್ಯಕೀಯ ಚಿಕಿತ್ಸೆ" ಎಂದಷ್ಟೇ ಬರೆಯಿರಿ, ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಿ.